ಮಂಜಿನೊಳಗಿನ ಸಿಳ್ಳೆ

“ಇದು ನಮ್ಮವರೇ ಕಣವ್ವ,” ಎಂದಳು ಮಾದಮ್ಮ.

ಠಾಣೆಯ ಮೇಜಿನೆದುರು ಕುಳಿತು ಹೆಡ್‌ಫೋನನ್ನು ಎರಡೂ ಕೈಗಳಿಂದ ಕಿವಿಗೆ ಒತ್ತಿ ಹಿಡಿದಿದ್ದಳು. ಕಣ್ಣು ಮುಚ್ಚಿತ್ತು. ತುಟಿಯಂಚಿನಲ್ಲಿ ನಗು, ಕೆನ್ನೆಯ ಮೇಲೆ ನೀರು.

ಸಬ್ ಇನ್ಸ್‌ಪೆಕ್ಟರ್ ಶ್ಯಾಮಳ ಮುಂದಕ್ಕೆ ಬಾಗಿದಳು. “ನಮ್ಮವರು ಅಂದ್ರೆ ಯಾರು?”

“ನಮ್ಮ ಯಜಮಾನ್ರು, ಚಿಕ್ಕಮಾದು. ಸಂಜೆ ಎಮ್ಮೆ ಹೊಡ್ಕೊಂಡು ಬರುವಾಗ ಹೊಳೆ ಆಚೆ ದಡದಿಂದ ಹಿಂಗೇ ಸಿಳ್ಳೆ ಹಾಕೋರು. ಅದು ಕೇಳಿದ ಕೂಡಲೇ ನಾನು ಕಾಪಿಗೆ ನೀರಿಡೋಳು. ಅವರು ಹೋದ ಮೇಲೆ ಆ ಸಿಳ್ಳೆ ಇವತ್ತೇ ಕೇಳಿದ್ದು. ಇನ್ನೊಂದ್ಸಲ ಹಾಕು ಮೋಳೇ, ನನ್ನ ಮಗಳೇ, ಇನ್ನೊಂದೇ ಸಲ.”

ಶ್ಯಾಮಳ ಮತ್ತೆ ಗುಂಡಿ ಒತ್ತಿದಳು. ಮಾದಮ್ಮ ಮತ್ತೆ ನಕ್ಕಳು.

ಕಿಟಕಿಯ ಪಕ್ಕ ನಿಂತಿದ್ದ ಎ.ಎಸ್.ಐ. ರಾಜನ್ ಗಂಟಲು ಸರಿಮಾಡಿಕೊಂಡರು. ನಿವೃತ್ತಿಗೆ ಹತ್ತಿರವಾದವರು. ಠಾಣೆಯಲ್ಲಿ ಎಲ್ಲರಿಗೂ ರಾಜೇಟ್ಟ, ಅಂದರೆ ರಾಜಣ್ಣ. ಶ್ಯಾಮಳ ಇಲ್ಲಿಗೆ ವರ್ಗವಾಗಿ ಬಂದ ದಿನದಿಂದ ದಾರಿ, ಜನ, ಒಳ್ಳೆಯ ಊಟ ಸಿಗುವ ಹೋಟೆಲು ಎಲ್ಲವನ್ನೂ ತೋರಿಸಿಕೊಟ್ಟವರು ಅವರೇ.

“ಕೇಳಿದ್ರಲ್ಲ ಮೇಡಂ? ಅಪ್ಪನ ಸಿಳ್ಳೆ. ಅಪ್ಪ ಈಗ ಇಲ್ಲ. ಹಾಗಾದ್ರೆ ಅದೇ ಸಿಳ್ಳೆ ಇನ್ಯಾರಿಗೆ ಬರುತ್ತೆ? ಮಗನಿಗೇ ತಾನೇ?”

ಮಾದಮ್ಮನ ನಗು ಅಲ್ಲೇ ನಿಂತಿತು. ತಾನು ಏನು ಹೇಳಿಬಿಟ್ಟೆ ಎಂಬುದು ಆಗಷ್ಟೇ ಹೊಳೆದಂತೆ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲಿಟ್ಟಳು. ಕಂಬಿಗಳ ಹಿಂದೆ ಅವಳ ಮಗ ಷಿಬು ಹಣೆ ಚಚ್ಚಿಕೊಂಡ.

“ಅಮ್ಮಾ, ನಿನ್ನನ್ನ ಇಲ್ಲಿಗೆ ಬರೋಕೆ ಹೇಳಿದ್ದು ಯಾರು?”

ಮಲಯಾಳ ಗಡಿಯ ಊರಾದ ಬಾವಲಿಯಲ್ಲಿ, ಹೊಳೆದಂಡೆಯ ಬೀಟೆ ಮರ ರಾತ್ರೋರಾತ್ರಿ ಮಾಯವಾಗಿತ್ತು. ಆ ಮುಂಜಾನೆಯ ಗುರುತಾಗಿ ಪೊಲೀಸರ ಕೈಯಲ್ಲಿದ್ದದ್ದು ಎರಡೇ: ಹಕ್ಕಿಗಳ ದನಿಗಾಗಿ ಕಾಡಿನಲ್ಲಿ ಕಟ್ಟಿದ್ದ ಯಂತ್ರವೊಂದು ಹಿಡಿದಿಟ್ಟ ಸದ್ದು, ಮತ್ತು ಮಂಜಿನಲ್ಲಿ ಷಿಬುವನ್ನು ಕಂಡೆನೆನ್ನುವ ಕಾಡಿನ ಕಾವಲುಗಾರ ಬಿನುವಿನ ಮಾತು.

ಸದ್ದು ತೀರಾ ಚಿಕ್ಕದು. ಟಕ್ ಟಕ್ ಟಕ್ ಎಂದು ಅವಸರದ ಕುಟ್ಟು, ಬೆನ್ನಿಗೇ ಉದ್ದನೆಯ ತೆಳ್ಳಗಿನ ಸಿಳ್ಳೆ. ಆಮೇಲೆ ಏನೂ ಇಲ್ಲ.

“ಕೊಡಲಿ ಪೆಟ್ಟು, ಆಮೇಲೆ ಜೊತೆಗಾರರಿಗೆ ಸಿಗ್ನಲ್,” ಎಂದು ರಾಜೇಟ್ಟ ಮೊದಲ ದಿನವೇ ಹೇಳಿದ್ದರು. ಬೊಡ್ಡೆ ಗರಗಸದಲ್ಲಿ ಕುಯ್ದಷ್ಟು ನುಣ್ಣಗಿದೆಯಲ್ಲ ಎಂದು ಶ್ಯಾಮಳ ಕೇಳಿದಾಗ, “ಮೊದಲು ಕೊಡಲಿಯಲ್ಲಿ ಕಚ್ಚು ಹಾಕ್ತಾರೆ ಮೇಡಂ, ಆಮೇಲೆ ಗರಗಸ,” ಎಂದಿದ್ದರು. ಅದನ್ನು ಕೇಳಿದ ಮೇಲೆ ಅವಳಿಗೂ ಪ್ರತಿ ಸಲ ಕೊಡಲಿಯೇ ಕೇಳಿಸಿತ್ತು.

ಷಿಬು ಜೀಪು ಓಡಿಸುವವ. ಹಿಂದೊಮ್ಮೆ ಅವನ ಜೀಪಿನಲ್ಲಿ ಯಾರದೋ ಮರದ ತುಂಡು ಸಿಕ್ಕಿ, ಕೇಸಾಗಿ, ಖುಲಾಸೆಯೂ ಆಗಿತ್ತು. ಖುಲಾಸೆಯಾದದ್ದನ್ನು ಊರು ಮರೆತಿತ್ತು. ಕೇಸಾದದ್ದನ್ನು ಮರೆತಿರಲಿಲ್ಲ.

ಮೇಜಿನ ಮೇಲೆ ರಾಜೇಟ್ಟರ ಫೋನು ಬಡಿದುಕೊಂಡಿತು. ಅವರು ನೋಡಿ ನಿಟ್ಟುಸಿರುಬಿಟ್ಟು ಸ್ಪೀಕರಿಗೆ ಹಾಕಿದರು.

“ರಾಜೇಟ್ಟಾ, ನಾನು ಅಂಬಿಳಿ.”

“ಗೊತ್ತು ಮೋಳೇ. ಬೆಳಗ್ಗಿನಿಂದ ನೀನೇ.”

“ನನ್ನ ಮದುವೆ ಬ್ಲೌಸು ನಾನೇ ಹೊಲಿದೆ, ಕೊಕ್ಕೆ ಹಾಕಿದೆ, ಇಸ್ತ್ರಿಯೂ ಆಯ್ತು. ನಾಳೆ ಮುಹೂರ್ತ. ಗಂಡು ಎಲ್ಲಿ?”

“ಇಲ್ಲೇ ಇದ್ದಾನೆ. ಭದ್ರವಾಗಿದ್ದಾನೆ.”

“ಅಷ್ಟು ಭದ್ರ ಬೇಡ. ಸ್ವಲ್ಪ ಸಡಿಲ ಮಾಡಿ ಕಳಿಸಿ.”

ಪನಮರಂನಲ್ಲಿ ಟೈಲರ್ ಅಂಗಡಿ ನಡೆಸುವ ಹುಡುಗಿ ಅವಳು. ಕಂಬಿಯ ಹಿಂದೆ ಷಿಬು ನಾಚಿ ಗೋಡೆಗೆ ತಿರುಗಿದ. ಪಹರೆಯವನೂ ನಕ್ಕುಬಿಟ್ಟ. ಆದರೆ ಸಂಜೆಯೊಳಗೆ ಷಿಬುವನ್ನು ಮಾನಂದವಾಡಿಯ ಕೋರ್ಟಿಗೆ ಒಪ್ಪಿಸಲೇಬೇಕಿತ್ತು. ಅಲ್ಲಿಂದ ಸೀದಾ ಜೈಲು. ಮದುವೆಯ ಚಪ್ಪರ ಖಾಲಿ.

ಅಷ್ಟರಲ್ಲಿ ಸುಧೀಶ್ ಒಳಗೆ ಬಂದ. ಹಕ್ಕಿಗಳ ಮೇಲೆ ಸಂಶೋಧನೆ ಮಾಡುವವ, ಯಂತ್ರ ಅವನದೇ. ಬಾವಲಿಯಲ್ಲಿ ಬಾಡಿಗೆ ಮನೆ. ಅವನ ಮುಖದಲ್ಲಿ ಹಬ್ಬ.

“ಮೇಡಂ, ರಾತ್ರಿಯಿಡೀ ಕೇಳಿದೆ. ಕೊಡಲಿಯೂ ಅಲ್ಲ, ಮನುಷ್ಯನೂ ಅಲ್ಲ. ಕುಟ್ಟೋದು ಮರಕುಟಿಗ. ಸಿಳ್ಳೆ ಮಾತ್ರ... ಸಿಳ್ಳಾರ ಹಕ್ಕಿಯ ಜಾತಿಯದ್ದು, ಆದ್ರೆ ಈ ರಾಗ ಇದುವರೆಗೂ ಯಾರೂ ಕೇಳಿಲ್ಲ. ಹೊಸ ಹಕ್ಕಿ ಇರಬಹುದು!”

“ಹಕ್ಕಿ ಮರ ಹೊತ್ಕೊಂಡು ಹೋಯ್ತಾ ಸಾರೇ?” ಎಂದರು ರಾಜೇಟ್ಟ.

ಶ್ಯಾಮಳ ಇಬ್ಬರನ್ನೂ ನೋಡಿದಳು. ಒಂದೇ ಸದ್ದು. ಪೊಲೀಸಿಗೆ ಕಳ್ಳ, ಹಕ್ಕಿಯವನಿಗೆ ಹಕ್ಕಿ, ಹೆಂಡತಿಗೆ ಗಂಡ. ಮೂವರೂ ಪ್ರಾಮಾಣಿಕರು. ಮೂವರಿಗೂ ಎಳ್ಳಷ್ಟೂ ಅನುಮಾನವಿಲ್ಲ.

“ರಾಜೇಟ್ಟಾ, ನೀವು ಕೋರ್ಟಿನ ಕಾಗದ ಸಿದ್ಧ ಮಾಡಿ. ನಾನು ಮಾದಮ್ಮನವರನ್ನ ಮನೆಗೆ ಬಿಟ್ಟು ಷಿಬುವಿನ ಕೋಣೆ ನೋಡಿ ಬರ್ತೀನಿ. ಸುಧೀಶ್, ನೀವೂ ಬನ್ನಿ.”

ಬಾವಲಿಯ ಚೆಕ್‌ಪೋಸ್ಟಿನ ಈಚೆ, ಗದ್ದೆಯಂಚಿನಲ್ಲಿ ಮಾದಮ್ಮನ ಮನೆ. ಮಗನಿಗೆ ಷಿಬು ಎಂದು ಹೆಸರಿಟ್ಟಿದ್ದು ಮಲಯಾಳಿ ಟೀಚರು. ಶಾಲೆಗೆ ಸೇರಿಸುವಾಗ ಮಾದ ಎಂಬ ಹೆಸರನ್ನು ಅವರೇ ಬದಲಿಸಿದ್ದರು. ಈಗ ಇಡೀ ಊರಿಗೆ ಅವನು ಷಿಬುವೇ.

ಮನೆಯ ಮುಂದೆ ನೀಲಿ ಟಾರ್ಪಾಲಿನ ಚಪ್ಪರ ಎದ್ದಿತ್ತು. ಮದುಮಗ ಲಾಕಪ್ಪಿನಲ್ಲಿದ್ದರೂ ಅಡಿಗೆ ನಿಂತಿರಲಿಲ್ಲ. ಹಿತ್ತಲಿನಲ್ಲಿ ಹೆಂಗಸರು ಬೂದುಗುಂಬಳ ಹೆಚ್ಚುತ್ತಿದ್ದರು, ಬಾಳೆಕಾಯಿ ಎಣ್ಣೆಯಲ್ಲಿ ಚಟಪಟ ಅನ್ನುತ್ತಿತ್ತು, ಒಂದು ಕಡೆ ಗ್ಯಾಸ್ ಒಲೆಗಳ ಸಾಲು.

“ಬಿಟ್ಟು ಕಳಿಸ್ತಾರೆ, ಕಳಿಸದೆ ಏನು,” ಎಂದಳು ಕಾರ್ತು, ಪಕ್ಕದ ಮನೆಯವಳು, ಅಡಿಗೆಯ ಯಜಮಾನಿ. “ಇಷ್ಟು ಬೇಳೆ ನೆನೆಹಾಕಿದ್ದೀವಿ. ದೇವರಿಗೆ ಕಣ್ಣಿಲ್ವಾ?”

ಷಿಬುವಿನ ಕೋಣೆಯಲ್ಲಿ ಹೊಸ ಪಂಚೆ, ಹೊಸ ಚಪ್ಪಲಿ, ಗೋಡೆಯ ಕನ್ನಡಿಗೆ ಅಂಬಿಳಿಯ ಫೋಟೋ. ಗರಗಸವಿಲ್ಲ, ಬೀಟೆ ಮರದ ಒಂದು ಚೂರೂ ಇಲ್ಲ. ಶ್ಯಾಮಳ ಹಿತ್ತಲಿಗೆ ಬಂದು ಅಕ್ಕಿ ಮೂಟೆಯ ಮೇಲೆ ಕುಳಿತಳು. ಇಯರ್‌ಫೋನ್ ಹಾಕಿಕೊಂಡು ಸದ್ದನ್ನು ಮತ್ತೊಮ್ಮೆ ಕೇಳೋಣ ಎಂದು ಫೋನು ತೆಗೆದಳು. ಕೊಡಲಿಯನ್ನು ಮರೆತು ಕೇಳಬೇಕು ಎಂದುಕೊಂಡಳು. ಮರೆಯಬೇಕೆಂದುಕೊಂಡಷ್ಟೂ ಕೊಡಲಿಯೇ ಕಣ್ಣೆದುರು ಬಂತು.

ಇಯರ್‌ಫೋನಿನ ತಂತಿ ಸಡಿಲವಾಗಿತ್ತು. ಗುಂಡಿ ಒತ್ತಿದೊಡನೆ ಸದ್ದು ಫೋನಿನಿಂದಲೇ ಜೋರಾಗಿ ಹೊರಟಿತು.

ಟಕ್ ಟಕ್ ಟಕ್. ಸಿಳ್ಳೆ.

“ಯಾರೇ ಅದು, ಒಲೆ ಸಣ್ಣ ಮಾಡ್ರೇ!” ಎಂದು ಕೂಗಿದಳು ಮಾದಮ್ಮ.

ಬೆನ್ನು ತಿರುಗಿಸಿ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಳು. ತಲೆಯೆತ್ತಿ ನೋಡಲೂ ಇಲ್ಲ. “ಕೂಗಿದ್ದು ಕೇಳಲಿಲ್ವಾ? ಬೇಳೆ ಕರಗಿ ನೀರಾಗತ್ತೆ!”

ಕಾರ್ತು ಎದ್ದು ಒಲೆಯತ್ತ ಓಡಿದಳು. ಅಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಕುಕ್ಕರ್ ಈಗ ತಾನೇ ಇಟ್ಟಿದ್ದು ಅಕ್ಕಾ. ಇನ್ನೂ ಆವಿಯೇ ಬಂದಿಲ್ಲ. ಕೂಗಿದ್ದು ಎಲ್ಲಿಂದ?”

ಶ್ಯಾಮಳ ತಲೆ ತಗ್ಗಿಸಿ ನೋಡಿದಳು. ಫೋನು ಅವಳ ಅಂಗೈಯಲ್ಲಿತ್ತು.

ಮೆಲ್ಲಗೆ ಮತ್ತೆ ಒತ್ತಿದಳು. ಟಕ್ ಟಕ್ ಟಕ್ ಎಂದು ಕುಣಿಯುವ ತೂಕದ ಗುಂಡು. ಅದನ್ನು ಎತ್ತಿಕೊಂಡು ಹೊರನುಗ್ಗುವ ಆವಿ. ದೂರದ ಮಂಜು ಆ ಬುಸುಗುಟ್ಟುವಿಕೆಯನ್ನೆಲ್ಲ ನುಂಗಿ, ತೆಳ್ಳಗಿನ ಸಿಳ್ಳೆಯೊಂದನ್ನೇ ಉಳಿಸಿತ್ತು.

ಕೊಡಲಿ ಹೋಯಿತು. ಎಷ್ಟು ಹುಡುಕಿದರೂ ಈಗ ಅದು ಕೇಳಿಸಲಿಲ್ಲ.

“ಮಾದಮ್ಮಾ,” ಎಂದಳು. “ಬೆಳಗ್ಗೆ ನಿಮ್ಮ ಯಜಮಾನ್ರ ಸಿಳ್ಳೆ ಅಂದ್ರಲ್ಲ, ಅದು ಇದೇ.”

ಮಾದಮ್ಮ ತುರಿಮಣೆಯಿಂದ ಎದ್ದು ಬಂದು ಫೋನಿಗೆ ಕಿವಿಗೊಟ್ಟಳು. ಒಮ್ಮೆ ಕೇಳಿದಳು, ಇನ್ನೊಮ್ಮೆ ಕೇಳಿದಳು. ಮುಖ ಕೆಂಪಾಯಿತು. ಆಮೇಲೆ ನಗು ಹೊಟ್ಟೆಯಾಳದಿಂದ ಉಕ್ಕಿ ಬಂತು. ಕಾರ್ತುವಿನ ಭುಜ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

“ಅಯ್ಯೋ ನಮ್ಮಪ್ಪಾ! ಕುಕ್ಕರನ್ನ ಗಂಡ ಅಂದುಬಿಟ್ಟೆ!”

ಹಿತ್ತಲೆಲ್ಲ ನಗೆ. ನಗು ಇಳಿದ ಮೇಲೆ ಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಕಾಡಿನ ಸದ್ದು ಇದು, ಯಾರ ಸಿಳ್ಳೆ ಹೇಳಿ, ಅಂತ ನೀನೇ ಕೇಳಿದ್ದಲ್ವಾ ಮೋಳೇ? ಕಾಡಿನಿಂದ ನಂಗೆ ಸಿಳ್ಳೆ ಹಾಕೋರು ಇನ್ಯಾರಿದ್ದಾರೆ?”

ಶ್ಯಾಮಳ ಫೋನನ್ನು ಜೇಬಿಗಿಟ್ಟಳು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟವಳು ತಾನೇ.

ಚಪ್ಪರದ ಕಂಬಕ್ಕೆ ಒರಗಿದ್ದ ಸುಧೀಶ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ. “ಹೋಯ್ತು ನನ್ನ ಹೊಸ ಹಕ್ಕಿ! ಅದಕ್ಕೆ ಹೆಸರೂ ಇಟ್ಟಿದ್ದೆ ಮೇಡಂ!”

“ಪರವಾಗಿಲ್ಲ. ಆ ಹಕ್ಕಿ ಗೂಡು ಕಟ್ಟಿದ ಜಾಗ ಹುಡುಕೋಣ ಬನ್ನಿ.”

ಹೊಳೆದಂಡೆಗೆ ಹೋಗುವಾಗ ಸುಧೀಶ್ ದಾರಿಯುದ್ದಕ್ಕೂ ಮಾತಾಡಿದ. ಹಕ್ಕಿ ಕೈತಪ್ಪಿದ್ದಕ್ಕೆ ಬೇಸರವಿದ್ದಂತೆ ಕಾಣಲಿಲ್ಲ. ಅದಕ್ಕಿಂತ ದೊಡ್ಡದೇನೋ ಸಿಕ್ಕವನ ಹುರುಪು.

“ಕಾಲೇಜಿನಲ್ಲಿ ಮೊದಲ ಸಲ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ನನಗೆ ಏನು ಕಂಡಿತ್ತು ಗೊತ್ತಾ? ನನ್ನದೇ ರೆಪ್ಪೆಯ ಕೂದಲು. ಈರುಳ್ಳಿ ಸಿಪ್ಪೆಯ ಕೋಶ ಹೀಗಿರುತ್ತೆ ಅಂತ ಟೀಚರ್ ಚಿತ್ರ ಬರೆದು ತೋರಿಸಿದ್ರು. ಆಮೇಲೆ ನೋಡಿದ್ರೆ ಕೋಶ ಕಂಡಿತು. ಕಲಿಯದೆ ಇದ್ರೆ ಏನೂ ಕಾಣಲ್ಲ ಮೇಡಂ. ಕಲಿತದ್ದೇ ಕೆಲವು ಸಲ ಅಡ್ಡ ನಿಂತ್ಕೊಳ್ಳುತ್ತೆ.”

“ಹಾಗಾದ್ರೆ ಏನು ಮಾಡೋದು? ಕಲಿಯೋದಾ, ಬಿಡೋದಾ?”

“ಕಲಿಯೋದು. ಆಮೇಲೆ ಇನ್ನೊಂದು ಒಲೆ ಪಕ್ಕ ಕೂತು ಕೇಳೋದು!”

ಬೀಟೆ ಮರದ ಬೊಡ್ಡೆಯ ಸುತ್ತ ಪೊಲೀಸರು ಹಿಂದೆಯೇ ಜಾಲಾಡಿದ್ದರು. ಆಗ ಹುಡುಕಿದ್ದು ಕೊಡಲಿಯ ಚಕ್ಕೆ, ಜೀಪಿನ ಗಾಲಿಯ ಗುರುತು. ಈಗ ಶ್ಯಾಮಳ ಬೊಡ್ಡೆಯ ಕಡೆ ತಿರುಗಿಯೂ ನೋಡಲಿಲ್ಲ. ಒಲೆ ಹೂಡಬೇಕಾದರೆ ನಾನು ಎಲ್ಲಿ ಹೂಡುತ್ತಿದ್ದೆ ಎಂದು ಯೋಚಿಸಿದಳು. ನೀರು ಹತ್ತಿರವಿರಬೇಕು. ಗಾಳಿ ಬಡಿಯಬಾರದು. ನೆಲ ಮಟ್ಟಸವಿರಬೇಕು.

ಲಂಟಾನದ ಪೊದೆಗಳ ಹಿಂದೆ, ಬಂಡೆಯ ಮರೆಯಲ್ಲಿ, ಮೂರು ಕಲ್ಲುಗಳಿದ್ದವು.

ಅವಳು ಗಕ್ಕನೆ ನಿಂತಳು. ಆಮೇಲೆ ನಗತೊಡಗಿದಳು.

“ಏನಾಯ್ತು?”

“ಸುಧೀಶ್, ಹೋದ ಸಲ ಬಂದಾಗ ಈ ಕಲ್ಲಿನ ಮೇಲೆ ಕೂತು ಕಾಲಿನ ಜಿಗಣೆ ಕಿತ್ತಿದ್ದೆ. ಮನೆಗೆ ಹೋಗಿ ನೋಡಿದ್ರೆ ಪ್ಯಾಂಟೆಲ್ಲ ಕರಿ. ಜೀಪಿನ ಗ್ರೀಸು ಅಂದ್ಕೊಂಡು ತಿಕ್ಕೀ ತಿಕ್ಕೀ ಸಾಕಾಯ್ತು!”

ಕಲ್ಲುಗಳ ಒಳಮೈ ಕಪ್ಪಾಗಿತ್ತು. ಯಾರೋ ಜಾಣತನದಿಂದ ತರಗೆಲೆ ಹರಡಿದ್ದರು. ಕೆಳಗೆ ಬೂದಿ, ಅರೆಸುಟ್ಟ ತೆಂಗಿನ ಚಿಪ್ಪು. ಸುಧೀಶ್ ಪೊದೆಯೊಳಗೆ ಕೈಹಾಕಿ ಬಿರುಕುಬಿಟ್ಟ ರಬ್ಬರ್ ಬಳೆಯೊಂದನ್ನು ಎಳೆದ. ಕುಕ್ಕರಿನ ಮುಚ್ಚಳಕ್ಕೆ ಹಾಕುವುದು. ಅದರಾಚೆ ಹುಲ್ಲು ಅಗಲಕ್ಕೆ ಮಲಗಿತ್ತು. ಒಬ್ಬನಲ್ಲ, ನಾಲ್ಕೈದು ಜನ ಇಲ್ಲಿ ಉಂಡು ಮಲಗಿ ಎದ್ದಿದ್ದಾರೆ. ಮನೆ ಕೂಗಳತೆಯಲ್ಲಿರುವ ಷಿಬುವಿಗೆ ಕಾಡಿನಲ್ಲಿ ಬೇಳೆ ಬೇಯಿಸುವ ಗತಿ ಏನು ಬಂದಿತ್ತು?

ಶ್ಯಾಮಳ ರಾಜೇಟ್ಟರಿಗೆ ಫೋನು ಮಾಡಿದಳು. “ಕೋರ್ಟಿಗೆ ಹೊರಡೋ ಮುಂಚೆ ಷಿಬುವನ್ನ ಅವನ ಮನೆಗೆ ಕರ್ಕೊಂಡು ಬನ್ನಿ. ಆ ಕಾವಲುಗಾರ ಬಿನುವಿಗೂ ಬರೋಕೆ ಹೇಳಿ. ಯಾಕೆ ಅಂತ ಅವನಿಗೆ ಹೇಳಬೇಡಿ.”

“ಯಾಕೆ ಅಂತ ನನಗಾದ್ರೂ ಹೇಳ್ತೀರಾ ಮೇಡಂ?”

“ಬನ್ನಿ, ಒಳ್ಳೆ ಪಾಯಸ ಇದೆ.”

ಬಿನು ಗದ್ದೆಯ ಬದುವಿನ ಮೇಲೆ ಸೆಟೆದು ನಿಂತಿದ್ದ. ನೇರ ಮನುಷ್ಯ. ಒಂದು ಚೂರು ಸೌದೆಯನ್ನೂ ಕಾಡಿನಿಂದ ಮನೆಗೆ ಒಯ್ದವನಲ್ಲ ಎಂದು ಅವನನ್ನು ಇಷ್ಟಪಡದವರೂ ಹೇಳುತ್ತಿದ್ದರು.

“ಮೇಡಂ, ನಾನು ಸುಳ್ಳು ಹೇಳೋನಲ್ಲ. ಆಚೆ ದಡದಲ್ಲಿದ್ದೆ. ಷಿಬುವಿನ ಸಿಳ್ಳೆ ಕಿವಿಯಾರೆ ಕೇಳಿದೆ, ಷಿಬುವನ್ನ ಕಣ್ಣಾರೆ ನೋಡಿದೆ. ಎಷ್ಟು ಸಲ ಕೇಳಿದ್ರೂ ಅಷ್ಟೇ.”

“ಸುಳ್ಳು ಅಂತ ನಾನೂ ಹೇಳ್ತಿಲ್ಲ ಬಿನು. ಇಲ್ಲಿ ಕೂತ್ಕೊಳ್ಳಿ. ಮನೆಗೆ ಬೆನ್ನು ಹಾಕಿ. ಅಲ್ಲಿಂದ ಕೆಲವು ಸದ್ದು ಬರುತ್ತೆ. ಆವತ್ತಿನ ಸಿಳ್ಳೆ ಬಂದಾಗ ಕೈ ಎತ್ತಿ.”

ಸುಧೀಶ್ ಅವಳನ್ನೂ ಬಿಡಲಿಲ್ಲ. “ನೀವೂ ತಿರುಗಿ ಕೂತ್ಕೊಳ್ಳಿ ಮೇಡಂ. ಯಾವುದು ಯಾವಾಗ ಅಂತ ನಿಮಗೂ ಗೊತ್ತಿರಬಾರದು. ನಿಮ್ಮ ಮುಖ ನೋಡಿಯೇ ಅವರು ಹೇಳಿಬಿಡ್ತಾರೆ.”

ಗದ್ದೆಯ ಬದುವಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಎರಡು ಬೆನ್ನು. ಎದುರಿಗೆ ಹಸಿರು ಪೈರು, ಒಂದು ಕೊಕ್ಕರೆ.

ಮೊದಲು ಬಂದದ್ದು ಚುರುಕಾದ ಒಂದು ಸಿಳ್ಳೆ. ಬಿನು ಮೂಗು ಮುರಿದ. “ಇದಲ್ಲ. ಯಾರೋ ಬಸ್ಸು ನಿಲ್ಲಿಸೋ ಸಿಳ್ಳೆ.”

ಎರಡನೆಯದಕ್ಕೆ ಹಿಂದಿನಿಂದ ಹೆಂಗಸರ ಕಿಸಿಕಿಸಿ ನಗು. ಯಾರೋ ಪೀಪಿ ಊದಿದ್ದರು. “ಮೇಡಂ, ತಮಾಷೆನಾ ಇದು?”

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಕೊಕ್ಕರೆ ಒಂದು ಹೆಜ್ಜೆ ಮುಂದಿಟ್ಟಿತು.

ಟಕ್ ಟಕ್ ಟಕ್ ಟಕ್. ಉದ್ದನೆಯ ಸಿಳ್ಳೆ.

ಬಿನು ಕುರ್ಚಿಯಿಂದ ನೆಗೆದೆದ್ದ. “ಇದೇ! ದೇವರಾಣೆ ಇದೇ! ಇದು ಷಿಬು! ಸಾವಿರ ಜನರ ನಡುವೆ ಗುರುತು ಹಿಡೀತೀನಿ!”

“ತಿರುಗಿ ನೋಡಿ.”

ಚಪ್ಪರದ ಕೆಳಗೆ, ಒಲೆಯ ಮೇಲೆ, ಕುಕ್ಕರು ಇನ್ನೂ ಉಸಿರುಬಿಡುತ್ತಿತ್ತು. ಅದರ ಪಕ್ಕ ಕಾರ್ತು ಮದುಮಗನಿಗೆ ಹಾಕಬೇಕಾದ ಹಾರವನ್ನು ಕುಕ್ಕರಿನ ಹಿಡಿಗೆ ಸಿಕ್ಕಿಸಿ ನಿಂತಿದ್ದಳು. ಷಿಬು ಅಷ್ಟು ದೂರದಲ್ಲಿ, ಪೊಲೀಸ್ ಜೀಪಿಗೆ ಒರಗಿ, ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದ.

“ಬಸ್ಸು ನಿಲ್ಲಿಸಿದೋನು ನಾನು ಬಿನುವೇಟ್ಟಾ,” ಎಂದ ಅವನು.

ನಗೆ ಗದ್ದೆಯ ಆಚೆ ತುದಿಯವರೆಗೂ ಹೋಯಿತು. ಕೊಕ್ಕರೆ ಹಾರಿಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ರಾಜೇಟ್ಟ. ಹೊಟ್ಟೆ ಹಿಡಿದುಕೊಂಡು ಚಪ್ಪರದ ಕಂಬ ತಬ್ಬಿಕೊಂಡಿದ್ದರು.

ಬಿನು ಮಾತ್ರ ನಗಲಿಲ್ಲ. ನಿಂತಲ್ಲೇ ಕುಗ್ಗಿದಂತಾದ. ಶ್ಯಾಮಳ ಅವನ ತೋಳು ಹಿಡಿದು ಮತ್ತೆ ಕೂರಿಸಿದಳು.

“ನಾನು... ನಾನು ಕೇಳಿದ್ದು ನಿಜ ಮೇಡಂ.”

“ಕೇಳಿದ್ದು ನಿಜ. ಹೆಸರು ಮಾತ್ರ ನೀವು ಸೇರಿಸಿದ್ದು. ಷಿಬು ಮೇಲೆ ಕಣ್ಣಿಡು ಅಂತ ಯಾರಾದ್ರೂ ಹೇಳಿದ್ರಾ?”

“ಮರದ ಕೇಸಿನವನು, ನೋಡ್ಕೋ ಅಂತ... ಎಲ್ಲರೂ ಹೇಳೋರು.”

“ಈಗ ಷಿಬು ಅನ್ನೋ ಹೆಸರು ಬಿಟ್ಟು ಹೇಳಿ. ಹೊಳೆ ಆಚೆ ಏನು ಕಂಡಿತು?”

ಬಿನು ಕಣ್ಣು ಮುಚ್ಚಿದ. “ಮಂಜು. ಒಂದು ಬೆನ್ನು. ಬಗ್ಗಿ ಏನೋ ಕೆದಕ್ತಾ ಇತ್ತು. ಷಿಬೂ ಅಂತ ಕೂಗಿದೆ. ತಿರುಗಲಿಲ್ಲ. ಎಡಗೈ ಎತ್ತಿ ಆಡಿಸ್ತು, ಅಷ್ಟೇ.” ಕಣ್ಣು ತೆರೆದ. “ಮುಖವೇ ನೋಡಿಲ್ಲ ನಾನು. ಮುಖ ನೋಡಿದೀನಿ ಅಂತಾನೇ ಇಷ್ಟು ದಿನ ಅಂದ್ಕೊಂಡಿದ್ದೆ.”

ಅವನು ಎದ್ದು ನೇರ ಜೀಪಿನ ಹತ್ತಿರ ನಡೆದ. ಷಿಬುವಿನ ಎರಡೂ ಕೈ ಹಿಡಿದುಕೊಂಡ. ಷಿಬು ಚಿಪ್ಸಿನ ಪೊಟ್ಟಣವನ್ನು ಅವನ ಮುಂದೆ ಹಿಡಿದ. ಇಬ್ಬರೂ ತಿಂದರು.

ಶ್ಯಾಮಳ ಮೇಲಧಿಕಾರಿಗೆ ಫೋನಿನಲ್ಲಿ ಎಲ್ಲ ವಿವರಿಸಿದಳು. ಆ ಕಡೆಯಿಂದ ಒಂದು ಕೆಮ್ಮು. “ಕೋರ್ಟಿಗೆ ಕುಕ್ಕರನ್ನ ಹಾಜರುಪಡಿಸೋಕಾಗುತ್ತಾ? ಆ ಹುಡುಗನನ್ನ ಬಿಡಿ ಮೊದಲು. ಮದುವೆ ಮಾಡ್ಕೊಳ್ಳಲಿ.”

ಸುದ್ದಿ ಪನಮರಂಗೆ ಮುಟ್ಟಿದಾಗ ಅಂಬಿಳಿ ಕಿರುಚಿದ ಕಿರುಚು ಸ್ಪೀಕರ್ ಹಾಕದೆಯೇ ಹಿತ್ತಲಿನವರೆಗೆ ಕೇಳಿಸಿತು. ಮಾದಮ್ಮ ಮಗನ ಕೆನ್ನೆ ಸವರಿ, ತಲೆಗೊಂದು ಮೊಟಕಿ, ಮತ್ತೆ ಕೆನ್ನೆ ಸವರಿದಳು. ಯಾರೋ ಪಾಟು, ಮಲಯಾಳದ ಹಾಡು, ಹಾಕಿದರು, ಹುಡುಗಿಯರು ಕೈ ತಟ್ಟಿ ಸುತ್ತು ಬಂದರು, ಕಾರ್ತು ಸೌಟು ಹಿಡಿದೇ ಕುಣಿದಳು. ಸುಧೀಶ್ ತನ್ನ ಯಂತ್ರದಲ್ಲಿ ಈ ಗದ್ದಲವನ್ನು ಹಿಡಿದಿಟ್ಟುಕೊಂಡ. ಹೊಸ ಹಕ್ಕಿಗಳು, ಎಂದ.

ಬಿಸಿಲು ಇಳಿಯುತ್ತಿತ್ತು. ಶ್ಯಾಮಳ ಚಪ್ಪರದ ಅಂಚಿನಲ್ಲಿ ಕುಳಿತು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಪಕ್ಕದಲ್ಲಿ ಬಿನು. ಅವನ ಕೈಯಲ್ಲಿ ಪಾಯಸದ ಲೋಟ.

ಲೋಟ ತುಟಿಯ ಹತ್ತಿರ ಹೋಗಿ ನಿಂತಿತು.

“ಮೇಡಂ,” ಎಂದ ತಗ್ಗಿದ ದನಿಯಲ್ಲಿ. “ಹೆಸರು ಬಿಟ್ಟು ನೋಡು ಅಂದ್ರಲ್ಲ.”

“ಹೂಂ.”

“ಆ ಬೆನ್ನು.”

ಅವಳು ಅವನ ಕಣ್ಣಿನ ಜಾಡು ಹಿಡಿದು ನೋಡಿದಳು. ಹಿತ್ತಲಿನಲ್ಲಿ ಸೌದೆ ಒಲೆಯ ಹೊಗೆ ದಟ್ಟವಾಗಿ ಕವಿದಿತ್ತು. ಹೊಗೆಯೊಳಗೆ ಒಬ್ಬರು ಬಗ್ಗಿ, ದೊಡ್ಡ ಕಂಚಿನ ಉರುಳಿಯಲ್ಲಿ ಪಾಯಸ ತಿರುವುತ್ತಿದ್ದರು. ಅಂಗಿಯ ತೋಳು ಮಡಚಿತ್ತು, ಹೆಗಲ ಮೇಲೆ ಟವೆಲು. ಇತ್ತ ಬೆನ್ನು ಮಾತ್ರ.

ರಾಜೇಟ್ಟ.

ಶ್ಯಾಮಳಳ ಮೊದಲ ಯೋಚನೆ, ಇದೂ ಒಂದು ಕುಕ್ಕರು. ಮಂಜಿನ ಜಾಗಕ್ಕೆ ಹೊಗೆ ಬಂದಿದೆ. ಒಂದು ಹೆಸರು ಕೈಬಿಟ್ಟಿತು, ಇವನು ಇನ್ನೊಂದಕ್ಕೆ ಕೈಚಾಚುತ್ತಿದ್ದಾನೆ. ಬಗ್ಗಿ ಒಲೆ ಕೆದಕುವ ಬೆನ್ನುಗಳೆಲ್ಲ ಒಂದೇ ತರಹ.

ಎರಡನೆಯ ಯೋಚನೆ ಅಷ್ಟು ಸುಲಭದ್ದಾಗಿರಲಿಲ್ಲ. ಆ ಮುಂಜಾನೆ ನೀನೆಲ್ಲಿದ್ದೆ ಎಂದು ಬಾವಲಿಯ ಒಬ್ಬೊಬ್ಬರನ್ನೂ ಅವಳು ಕೇಳಿದ್ದಳು. ಕೇಳದೆ ಉಳಿದವರು ಒಬ್ಬರೇ. ಕೇಳುವಾಗಲೆಲ್ಲ ಅವರು ಅವಳ ಪಕ್ಕದಲ್ಲೇ ನಿಂತಿದ್ದರು.

“ಯಾರಿಗೂ ಹೇಳಬೇಡಿ,” ಎಂದಳು ಬಿನುವಿಗೆ. ಎದ್ದು ಹೊಗೆಯ ಕಡೆ ನಾಲ್ಕು ಹೆಜ್ಜೆ ಇಟ್ಟಳು.

“ರಾಜೇಟ್ಟಾ!”

ಅವರು ತಿರುಗಲಿಲ್ಲ. ಬಲಗೈಯಲ್ಲಿ ಸೌಟು. ಎಡಗೈ ಎತ್ತಿ ಆಡಿಸಿದರು, ಬಂದೆ ಎಂಬಂತೆ.

ಬಲಗೈಯಲ್ಲಿ ಸೌಟಿದ್ದರೆ ಯಾರೇ ಆದರೂ ಎಡಗೈಯನ್ನೇ ಎತ್ತುವುದು. ಶ್ಯಾಮಳ ಅದನ್ನು ತನಗೆ ತಾನೇ ಹೇಳಿಕೊಂಡಳು. ಹಿಂದೆ ಬಿನುವಿನ ಲೋಟ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ರಾಜೇಟ್ಟ ಹೊಗೆಯಿಂದ ಹೊರಬಂದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಎಂದಿನದೇ ಅಗಲ ನಗು. ಒಂದು ಲೋಟ ಬಿಸಿ ಪಾಯಸವನ್ನು ಅವಳ ಮುಂದೆ ಹಿಡಿದರು. “ಸಿಹಿ ಸಾಕಾ ನೋಡಿ ಮೇಡಂ.”

ಅವಳು ಲೋಟ ತೆಗೆದುಕೊಂಡಳು. ದನಿಯನ್ನು ಆದಷ್ಟು ಹಗುರವಾಗಿಟ್ಟುಕೊಂಡಳು.

“ರಾಜೇಟ್ಟಾ, ಮರ ಹೋದ ದಿನ ಬೆಳಗ್ಗೆ ನೀವು ಎಲ್ಲಿದ್ರಿ?”

ಚಪ್ಪರದಲ್ಲಿ ಪಾಟು ನಡೆದೇ ಇತ್ತು. ರಾಜೇಟ್ಟ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು, ಅವಳನ್ನು ನೋಡಿದರು. ನಗು ಮಾಸಲಿಲ್ಲ. ಸರಿಯಾದ ಉತ್ತರ ಕೊಟ್ಟ ಹುಡುಗಿಯನ್ನು ಮೇಷ್ಟ್ರು ನೋಡುವ ಹಾಗೆ ಅವರ ಮುಖ ಅರಳಿತು.

“ಕೇಳೋಕೆ ಇಷ್ಟು ದಿನ ಬೇಕಾಯ್ತಾ ಮೇಡಂ?”